ಒಂದು ಗೀರಿನ ಕಥೆ: ಹಿತ್ತಾಳೆ ತೋಟಾ, ಡೈ ಮತ್ತು ಮಳೆಗಾಲದ ಕುದುರೆ ಲಾಯ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿದ್ದೀರೋ, ಮೆಟ್ರೋದಲ್ಲಿ ಸೀಟು ಸಿಕ್ಕಿದೆಯೋ ಗೊತ್ತಿಲ್ಲ. ಇವತ್ತಿನ ಕಥೆ ಶುರುವಾಗೋದು ನಮ್ಮ ಅಜ್ಜಿಯ ಚಕ್ಕುಲಿ ಒರಳಿನಿಂದ.

ಹಿತ್ತಾಳೆ ಒರಳು, ತುಂಬಾ ಹಳೇದು. ನಾನು ಎಂಟನೇ ಕ್ಲಾಸಲ್ಲಿದ್ದಾಗ ಅದರ ಬಿಲ್ಲೆಯಲ್ಲಿ ಒಣಗಿ ಕೂತಿದ್ದ ಹಿಟ್ಟನ್ನು ತೆಗೆಯೋಕೆ ಸ್ಕ್ರೂಡ್ರೈವರ್ ಹಾಕಿ ಕೆರೆದೆ. ಹಿಟ್ಟು ಬಂತು, ಜೊತೆಗೆ ತೂತಿನ ಅಂಚಲ್ಲಿ ಒಂದು ಗೀರೂ ಬಂತು. ಅವತ್ತಿಂದ ನಮ್ಮನೆ ಚಕ್ಕುಲಿಗೆಲ್ಲ ಉದ್ದಕ್ಕೂ ಒಂದು ಗೆರೆ. ನೂರು ಚಕ್ಕುಲಿ ಒತ್ತಿದರೆ ನೂರಕ್ಕೂ ಅದೇ ಗೆರೆ, ಅದೇ ಜಾಗದಲ್ಲಿ. ಅಜ್ಜಿ ಬೈಯಲಿಲ್ಲ. "ನೀನು ಮಾಡಿದ್ದನ್ನ ಒರಳು ಮರೆಯಲ್ಲ ಕಣೋ" ಅಂದರು ಅಷ್ಟೇ.

ಹೋದ ತಿಂಗಳು ಹಳೇ ಬಂದೂಕಿನ ತೋಟಾಗಳ ಬಗ್ಗೆ ಓದ್ತಾ ಇದ್ದೆ. ಅಲ್ಲಿ 'ಡೈ ಮೇಲೆ ಗೀರು' ಅನ್ನೋ ಸಮಸ್ಯೆ ಕಣ್ಣಿಗೆ ಬಿತ್ತು. ಓದಿದ ತಕ್ಷಣ ನೆನಪಾಗಿದ್ದು ನಮ್ಮ ಒರಳು. ಈ ಎಪಿಸೋಡ್‌ನಲ್ಲಿ ಒಂದು ಗೀರನ್ನು ಹಿಡ್ಕೊಂಡು ಅಮೆರಿಕದ ಬಯಲು, ಸುಡಾನಿನ ಮರಳು, ಭಾರತದ ಮಳೆಗಾಲ, ಕೊನೆಗೆ ಅಮೃತಸರದವರೆಗೂ ಹೋಗಿ ಬರೋಣ.

ಮೊದಲು, ಇದೇನು ಡೈ?

ಇಂಗ್ಲಿಷಿನ ಸಾಯೋ 'ಡೈ' ಅಲ್ಲ. ಇದು ಗಟ್ಟಿ ಉಕ್ಕಿನ ಅಚ್ಚು. ಬಂದೂಕಿನ ಗುಂಡು ಅಂತ ನಾವು ಸುಮ್ಮನೆ ಹೇಳ್ತೀವಿ. ಆದರೆ ಪೂರ್ತಿ ಕಾರ್ಟ್ರಿಜ್‌ನಲ್ಲಿ ನಾಲ್ಕು ಭಾಗ ಇರುತ್ತೆ. ಹಿತ್ತಾಳೆಯ ಕೊಳವೆಯಂಥ ಕೇಸ್, ಅದರ ತಳದಲ್ಲಿ ಕಿಡಿ ಕೊಡೋ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಗುಂಡು ಹಾರಿದ ಮೇಲೆ ಮದ್ದು ಉರಿದು ಹೋಗುತ್ತೆ, ಪ್ರೈಮರ್ ಮುಗಿಯುತ್ತೆ, ಗುಂಡು ಎಲ್ಲೋ ಹೋಗಿ ಬೀಳುತ್ತೆ. ಕೈಯಲ್ಲಿ ಉಳಿಯೋದು ಖಾಲಿ ಹಿತ್ತಾಳೆ ಕೇಸ್ ಒಂದೇ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಈ ನಾಲ್ಕರಲ್ಲಿ ಸಾಮಾನ್ಯವಾಗಿ ಅತಿ ದುಬಾರಿ ಕೇಸ್‌. ಮಿಕ್ಕ ಮೂರು ಖರ್ಚು, ಕೇಸ್ ಮಾತ್ರ ಆಸ್ತಿ. ಆಸ್ತಿ ಇದ್ದಮೇಲೆ ಅದನ್ನು ಮತ್ತೆ ಬಳಸಬೇಕು ಅನ್ಸುತ್ತೆ ಅಲ್ವಾ? ಅದೇ ರೀಲೋಡಿಂಗ್. ಖಾಲಿ ಕೇಸ್‌ಗೆ ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ತಯಾರು ಮಾಡೋದು.

ಆದರೆ ಒಂದು ತೊಂದರೆ ಇದೆ. ಮದ್ದು ಉರಿದಾಗ ಆಗೋ ಒತ್ತಡಕ್ಕೆ ಕೇಸ್ ಬಲೂನಿನ ಹಾಗೆ ಉಬ್ಬಿ ಬಂದೂಕಿನ ಗೋಡೆಗೆ ಅಂಟಿಕೊಳ್ಳುತ್ತೆ. ಹಾಗೆ ಅಂಟಿಕೊಂಡಿದ್ದಕ್ಕೇ ಬಿಸಿ ಗಾಳಿ ಹಿಂದಕ್ಕೆ, ಹೊಡೆಯೋನ ಮುಖಕ್ಕೆ ಬರಲ್ಲ. ಒತ್ತಡ ಇಳಿದ ಮೇಲೆ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಸರಿಯುತ್ತೆ, ಅದಕ್ಕೇ ಸುಲಭವಾಗಿ ಹೊರಗೆ ಬರುತ್ತೆ. ಆದರೂ ಮೊದಲಿನ ಅಳತೆಗೆ ಪೂರ್ತಿ ಬರಲ್ಲ. ಆಗ ಅದನ್ನು ಉಕ್ಕಿನ ಡೈಯೊಳಗೆ ಒತ್ತಿ ಮತ್ತೆ ಸರಿ ಅಳತೆಗೆ ತರಬೇಕು. ಆ ಡೈ ಒಳಗೆ ಒಂದೇ ಒಂದು ಗೀರಿದ್ದರೆ? ನಮ್ಮನೆ ಚಕ್ಕುಲಿ ಕಥೆಯೇ. ಒಳಗೆ ಹೋಗಿ ಬಂದ ಪ್ರತಿಯೊಂದು ಕೇಸ್ ಮೇಲೂ ಅದೇ ಗೆರೆ.

ಕಾಗದದಿಂದ ಹಿತ್ತಾಳೆಗೆ

ಇಷ್ಟು ಕಷ್ಟಪಟ್ಟು ಹಿತ್ತಾಳೆಯನ್ನೇ ಯಾಕೆ ಹಿಡ್ಕೊಂಡ್ರು? ಅದಕ್ಕೆ ಮುಂಚೆ ಕಾಗದ ಇತ್ತು. 1857ರ ಎನ್‌ಫೀಲ್ಡ್ ತೋಟಾ ನಮಗೆಲ್ಲ ಸ್ಕೂಲ್ ಪಾಠದಲ್ಲೇ ಗೊತ್ತು. ಹಲ್ಲಿಂದ ಕಚ್ಚಿ ಹರಿಯಬೇಕಿದ್ದ, ಕೊಬ್ಬು ಸವರಿದ ಕಾಗದದ ಪೊಟ್ಟಣ. ಆ ಕೊಬ್ಬು ಯಾವ ಪ್ರಾಣಿಯದು ಅನ್ನೋ ಪ್ರಶ್ನೆಯೇ ಸಿಪಾಯಿಗಳ ಸಿಟ್ಟಿಗೆ ಕಿಡಿಯಾಯ್ತು.

ಅದಾದ 9 ವರ್ಷಕ್ಕೆ, 1866ರಲ್ಲಿ, ಬ್ರಿಟಿಷರು ಸ್ನೈಡರ್-ಎನ್‌ಫೀಲ್ಡ್ ಬಂದೂಕು ತಂದರು. ಅದರ ತೋಟಾ ಮಾಡಿದವನು ಎಡ್ವರ್ಡ್ ಬಾಕ್ಸರ್. ತೆಳುವಾದ ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ, ಕೆಳಗೆ ಕಬ್ಬಿಣದ ತಳ ಕೂರಿಸಿದ ಕೇಸ್. ಅಗ್ಗ, ಹಗುರ. ಮುಂದೆ ಬಂದ ಮಾರ್ಟಿನಿ-ಹೆನ್ರಿ ಬಂದೂಕಿಗೂ ಇದೇ ಥರದ್ದು. ಒಂದೊಂದೇ ಗುಂಡು ನಿಧಾನಕ್ಕೆ ಹೊಡೆದರೆ ತೊಂದರೆ ಇಲ್ಲ. ಬಂದೂಕು ಕಾದು, ಒಳಗೆ ಮರಳು ಸೇರಿದಾಗ ಸುರುಳಿ ತಗಡು ಒಳಗೇ ಸಿಕ್ಕಿಹಾಕ್ಕೊಳ್ತಿತ್ತು. ಎಳೆದರೆ ತಳ ಮಾತ್ರ ಕಿತ್ತು ಬರ್ತಿತ್ತು. 1885ರ ಜನವರಿಯಲ್ಲಿ ಸುಡಾನಿನ ಅಬು ಕ್ಲಿಯಾ ಯುದ್ಧದಲ್ಲಿ ಬಂದೂಕುಗಳು ಹೀಗೆ ಕೈಕೊಟ್ಟಿದ್ದು ಬ್ರಿಟನ್‌ನಲ್ಲಿ ದೊಡ್ಡ ಗಲಾಟೆಯಾಯ್ತು. ಆಮೇಲೆ ಅವರೂ ಸುರುಳಿ ತಗಡನ್ನು ಬಿಟ್ಟು, ಒಂದೇ ತುಂಡಿನಿಂದ ಎಳೆದು ಮಾಡಿದ ಗಟ್ಟಿ ಹಿತ್ತಾಳೆ ಕೇಸ್‌ಗೆ ಬಂದರು.

ಒಂದೇ ತುಂಡಿನಿಂದ ಎಳೆಯೋದು ಅಂದ್ರೆ ಹೇಗೆ? ಮೊದಲು ತಗಡಿನಿಂದ ನಾಣ್ಯದಂಥ ಬಿಲ್ಲೆ ಕತ್ತರಿಸ್ತಾರೆ. ಅದನ್ನು ಒತ್ತಿ ಬಟ್ಟಲು ಮಾಡ್ತಾರೆ. ಬಟ್ಟಲನ್ನು ಚಿಕ್ಕ ಡೈ, ಇನ್ನೂ ಚಿಕ್ಕ ಡೈ ಅಂತ ದಾಟಿಸಿ ಉದ್ದ ಕೊಳವೆ ಮಾಡ್ತಾರೆ. ಒತ್ತಿದಷ್ಟೂ ಹಿತ್ತಾಳೆ ಬಿರುಸಾಗುತ್ತೆ. ಅದಕ್ಕೆ ಮಧ್ಯೆ ಮಧ್ಯೆ ಕಾಯಿಸಿ ಮೆದು ಮಾಡ್ತಾರೆ, ಕಾಯಿಸಿದಾಗ ಬಂದ ಕಪ್ಪನ್ನು ಆಸಿಡ್‌ನಲ್ಲಿ ತೊಳೀತಾರೆ, ಸೋಪಿನಂಥ ಜಾರುವ ದ್ರವ ಹಾಕಿ ಮತ್ತೆ ಒತ್ತುತ್ತಾರೆ. ಇದಕ್ಕೆ ಸರಿಹೋದ ಹದ 70 ಭಾಗ ತಾಮ್ರ, 30 ಭಾಗ ಸತು. ಇವತ್ತಿಗೂ ಆ ಹದಕ್ಕೆ ಲೋಹದ ಅಂಗಡಿಯಲ್ಲಿ 'ಕಾರ್ಟ್ರಿಜ್ ಬ್ರಾಸ್' ಅಂತಾನೇ ಹೆಸರು.

ಗೀರುಗಳು ಸಾಕ್ಷಿ ಹೇಳಿದಾಗ

ಈಗ ಸ್ವಲ್ಪ ಹಿಂದಕ್ಕೆ, ಅಮೆರಿಕಕ್ಕೆ ಹೋಗೋಣ. 1876ರ ಜೂನ್ 25, ಲಿಟಲ್ ಬಿಗ್‌ಹಾರ್ನ್ ನದಿ. ಕಸ್ಟರ್ ಅನ್ನೋ ಅಧಿಕಾರಿ ಮತ್ತು ಅವನ ಜೊತೆಗಿದ್ದ 200ಕ್ಕೂ ಹೆಚ್ಚು ಸೈನಿಕರು ಲಕೋಟಾ ಮತ್ತು ಶೆಯೆನ್ ಜನರ ಕೈಯಲ್ಲಿ ಸತ್ತರು. ಅಮೆರಿಕನ್ ಸೇನೆಗೆ ಇದು ನಂಬೋಕೇ ಆಗದ ಸೋಲು. ಸೋಲಿಗೆ ಕಾರಣ ಬೇಕಿತ್ತು. ಒಂದು ಕಾರಣ ಬೇಗ ಸಿಕ್ತು: ಬಂದೂಕು ಜಾಮ್ ಆಗಿತ್ತು!

ಇದು ಪೂರ್ತಿ ಸುಳ್ಳೂ ಅಲ್ಲ. ಅವರ ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ಕೇಸ್ ಆಗ ತಾಮ್ರದ್ದು. ತಾಮ್ರ ಮೆದು, ಉಬ್ಬಿದರೆ ಹಿತ್ತಾಳೆಯಷ್ಟು ಚೆನ್ನಾಗಿ ಹಿಂದಕ್ಕೆ ಸರಿಯಲ್ಲ. ಮೇಲಿಂದ, ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿ ಇಟ್ಟರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತೆ. ಕಿಲುಬು ಹಿಡಿದ ಕೇಸ್ ಬಿಸಿಗೆ ಒಳಗೇ ಅಂಟಿಕೊಳ್ಳುತ್ತೆ. ಆಗ ಸೈನಿಕ ಚಾಕು ತೆಗೆದು ಕೆದಕಿ ಹೊರಗೆ ತೆಗೀಬೇಕು. ಬದುಕುಳಿದ ಅಧಿಕಾರಿ ರೀನೋ ತನ್ನ ಕಡೆಯ 380 ಬಂದೂಕುಗಳಲ್ಲಿ 6 ಹೀಗೆ ಕೆಲಸಕ್ಕೆ ಬಾರದಾದವು ಅಂತ ವರದಿ ಬರೆದ.

380ರಲ್ಲಿ 6. ಆದರೆ ಜನರ ಬಾಯಲ್ಲಿ ಕಥೆ ಬೆಳೀತು. ನೂರು ವರ್ಷ 'ಬಂದೂಕು ಕೈಕೊಟ್ಟಿದ್ದಕ್ಕೇ ಕಸ್ಟರ್ ಸೋತ' ಅಂತ ಹೇಳ್ತಾ ಬಂದರು.

1983ರಲ್ಲಿ ಅಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ನೆಲ ಬರಿದಾಯ್ತು. 1984 ಮತ್ತು 1985ರಲ್ಲಿ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಮುಂತಾದ ಪುರಾತತ್ವದವರು ಮೆಟಲ್ ಡಿಟೆಕ್ಟರ್ ಹಿಡಿದು ಇಡೀ ಬಯಲನ್ನು ಜಾಲಾಡಿದರು. ಸಿಕ್ಕ ಕೇಸ್‌ಗಳ ಮೇಲಿನ ಗುರುತುಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಪ್ರತಿ ಬಂದೂಕಿನ ಪಿನ್ನು ಕೇಸ್‌ನ ತಳಕ್ಕೆ ಬಡಿದಾಗ ತನ್ನದೇ ಗುರುತು ಬಿಡುತ್ತೆ, ನಮ್ಮ ಹೆಬ್ಬೆಟ್ಟಿನ ಹಾಗೆ. ಒಂದೇ ಬಂದೂಕಿನ ಕೇಸ್‌ಗಳು ಎಲ್ಲೆಲ್ಲಿ ಬಿದ್ದಿವೆ ಅಂತ ಸೇರಿಸಿ ನೋಡಿದರೆ ಆ ಬಂದೂಕು ಹಿಡಿದವನು ಎಲ್ಲಿಂದ ಎಲ್ಲಿಗೆ ಹೋದ ಅಂತ ಗೊತ್ತಾಗುತ್ತೆ.

ಚಾಕುವಿನಿಂದ ಕೆದಕಿದ ಗೀರು? ಅದಿದ್ದ ಕೇಸ್‌ಗಳು ಬಹಳ ಕಡಿಮೆ. ಅದರ ಬದಲು ಸಿಕ್ಕಿದ್ದು ಎದುರಾಳಿಗಳ ಹೆನ್ರಿ, ವಿಂಚೆಸ್ಟರ್ ಬಂದೂಕುಗಳ ಕೇಸ್‌ಗಳು. ಅಂದ್ರೆ ಲಕೋಟಾ, ಶೆಯೆನ್ ಜನರ ಹತ್ತಿರ ಒಂದರ ಹಿಂದೊಂದು ವೇಗವಾಗಿ ಗುಂಡು ಹಾರಿಸೋ ಬಂದೂಕುಗಳಿದ್ದವು. ಅವರು ಚೆನ್ನಾಗಿ ಕಾದಾಡಿ ಗೆದ್ದರು. ಅದನ್ನು ಒಪ್ಪಿಕೊಳ್ಳೋದಕ್ಕಿಂತ ತಾಮ್ರದ ಮೇಲೆ ತಪ್ಪು ಹಾಕೋದು ಸುಲಭ ಇತ್ತು.

ಮಳೆಗಾಲ, ಕುದುರೆ, ಬಿರುಕು

ಈಗ ನಮ್ಮ ದೇಶ. ಬ್ರಿಟಿಷ್ ಕಾಲದಲ್ಲಿ ಮಳೆಗಾಲ ಬಂದರೆ ಸೇನೆಯ ಓಡಾಟ ಕಡಿಮೆ. ಆಗ ಮದ್ದುಗುಂಡಿನ ಪೆಟ್ಟಿಗೆಗಳನ್ನು ಕುದುರೆ ಲಾಯಗಳಲ್ಲಿ ಇಡ್ತಿದ್ದರು. ಮಳೆ ನಿಂತ ಮೇಲೆ ಪೆಟ್ಟಿಗೆ ತೆಗೆದರೆ ಎಷ್ಟೋ ಹಿತ್ತಾಳೆ ಕೇಸ್‌ಗಳು ಬಿರುಕು ಬಿಟ್ಟಿರ್ತಿದ್ದವು. ಯಾರೂ ಮುಟ್ಟಿಲ್ಲ, ಹೊಡೆದಿಲ್ಲ, ಬೀಳಿಸಿಲ್ಲ. ಗುಂಡನ್ನು ಬಿಗಿಯಾಗಿ ಹಿಡಿದಿರೋ ಬಾಯಿಯ ಹತ್ತಿರವೇ ಹೆಚ್ಚು ಬಿರುಕು.

ಋತು ಬದಲಾದಾಗ ಆಗೋ ಬಿರುಕು ಅಂತ ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಅಂತ ಹೆಸರು ಬಂತು. ಕಾರಣ ಸ್ಪಷ್ಟವಾಗಿ ಹೊರಬಿದ್ದಿದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಅನ್ನೋ ಮೂವರು ಬ್ರಿಟನ್ನಿನಲ್ಲಿ ಅದನ್ನು ವಿವರಿಸಿದರು.

ಇದರಲ್ಲಿ ಇಬ್ಬರು ಕಳ್ಳರು. ಒಬ್ಬ ಹೊರಗಿನವನು, ಅಮೋನಿಯಾ. ಮಳೆಗಾಲದಲ್ಲಿ ದನದ ಕೊಟ್ಟಿಗೆ ಹತ್ತಿರ ಹೋದವರಿಗೆ ಗೊತ್ತು, ಮೂಗಿಗೆ ಚುರ್ ಅನ್ನೋ ಒಂದು ವಾಸನೆ ಬರುತ್ತಲ್ಲ, ಅದೇ. ಲಾಯದಲ್ಲಿ ಕುದುರೆಯ ಮೂತ್ರ ಕೊಳೆತು ಅಮೋನಿಯಾ ಏಳುತ್ತೆ, ತೇವದ ಗಾಳಿಯಲ್ಲಿ ಹಿತ್ತಾಳೆಯ ಮೇಲೆ ಕೂರುತ್ತೆ. ಇನ್ನೊಬ್ಬ ಒಳಗಿನವನು. ಡೈಯಲ್ಲಿ ಎಳೆದಾಗ ಲೋಹದೊಳಗೆ ಉಳಿದುಕೊಂಡ ಬಿಗಿತ. ಹೊರಗಿಂದ ನೋಡಿದರೆ ಕೇಸ್ ಫಳಫಳ ಅನ್ನುತ್ತೆ, ಒಳಗೆ ಮಾತ್ರ ಎಳೆದು ಕಟ್ಟಿದ ತಂತಿ ಥರ ಇರುತ್ತೆ. ಒಬ್ಬನೇ ಬಂದಿದ್ದರೆ ಹೀಗೆ ಒಡೀತಿರಲಿಲ್ಲ. ಇಬ್ಬರೂ ಸೇರಿದರೆ ಬಿರುಕು.

ಪರಿಹಾರವೂ ಎರಡು. ತೋಟಾವನ್ನು ಅಮೋನಿಯಾದಿಂದ ದೂರ ಇಡಿ. ಮತ್ತೆ, ಕೇಸ್ ತಯಾರಾದ ಮೇಲೆ ಹದವಾಗಿ ಕಾಯಿಸಿ ಒಳಗಿನ ಬಿಗಿತವನ್ನು ಇಳಿಸಿ. ಸೇನೆಯ ಹಿತ್ತಾಳೆ ಕೇಸ್‌ಗಳ ಕತ್ತಿನ ಹತ್ತಿರ ನೀಲಿ-ಕಂದು ಬಣ್ಣದ ಛಾಯೆ ಕಾಣುತ್ತಲ್ಲ, ಅದು ಕೊಳೆ ಅಲ್ಲ, ಕಾಯಿಸಿದ ಗುರುತು. ಅಮೆರಿಕನ್ ಸೇನೆಯ ಕೇಸ್‌ಗಳಲ್ಲಿ ಅದನ್ನು ಪಾಲಿಶ್ ಮಾಡಿ ಅಳಿಸೋದೂ ಇಲ್ಲ. ಕೆಲಸ ಆಗಿದೆ ಅನ್ನೋದಕ್ಕೆ ಅದೇ ರಸೀದಿ.

ಇವತ್ತಿಗೂ ರೀಲೋಡಿಂಗ್ ಮಾಡೋರಿಗೆ ಹಿರಿಯರು ಹೇಳೋ ಒಂದು ಮಾತಿದೆ: ಅಮೋನಿಯಾ ಇರೋ ಪಾಲಿಶ್‌ನಿಂದ ಕೇಸ್ ಉಜ್ಜಬೇಡಿ. ಅದರ ಬದಲು ನಿಂಬೆಯಲ್ಲಿರೋ ಸಿಟ್ರಿಕ್ ಆಸಿಡ್ ಹಾಕಿದ ನೀರಲ್ಲಿ ತೊಳೀತಾರೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚೋ ನಮ್ಮ ಅಜ್ಜಿಗೆ ಇದು ಹೊಸ ವಿಷಯ ಏನಲ್ಲ.

ಮೇಜಿನ ಮೇಲಿನ ಡೈ

ಈಗ ಮೊದಲು ಹೇಳಿದ ಡೈ ಗೀರಿಗೆ ಬರೋಣ. 1870ರ ದಶಕದಲ್ಲಿ ಅಮೆರಿಕದ ಬಯಲಲ್ಲಿ ಕಾಡೆಮ್ಮೆ ಬೇಟೆಯಾಡ್ತಿದ್ದವರು ಅಂಗಡಿಯಿಂದ ಬಹಳ ದೂರ ಇರ್ತಿದ್ದರು. ರಾತ್ರಿ ಬೆಂಕಿ ಪಕ್ಕ ಕೂತು ಅವತ್ತಿನ ಖಾಲಿ ಕೇಸ್‌ಗಳನ್ನೇ ಮತ್ತೆ ತುಂಬ್ತಿದ್ದರು. 1884ರಲ್ಲಿ ಜಾನ್ ಬಾರ್ಲೋ 'ಐಡಿಯಲ್' ಅನ್ನೋ ಕಂಪನಿ ಶುರುಮಾಡಿ, ಕೈಯಲ್ಲಿ ಹಿಡಿಯೋ ಇಕ್ಕಳದಂಥ ಸಾಧನ ಮಾರಿದ. ಎರಡನೇ ಮಹಾಯುದ್ಧದಲ್ಲಿ ಸಾಮಾನ್ಯ ಜನರಿಗೆ ಗುಂಡು ಸಿಗೋದು ಕಷ್ಟವಾದಾಗ, 1943ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಬಿಸಾಡಿದ ಚಿಕ್ಕ ಕೇಸ್‌ಗಳನ್ನೇ ಹೊದಿಕೆ ಮಾಡಿ ಗುಂಡು ತಯಾರಿಸೋ ಡೈ ಮಾಡಿದ. ಅದೇ ಮುಂದೆ ಆರ್‌ಸಿಬಿಎಸ್ ಕಂಪನಿ ಆಯ್ತು. ಕೊರತೆ ಬಂದಾಗ ಬುದ್ಧಿ ಓಡುತ್ತೆ ಅನ್ನೋದಕ್ಕೆ ಒಳ್ಳೇ ಉದಾಹರಣೆ.

ಒಂದು ತಮಾಷೆ ಕೇಳಿ. ಬ್ರಿಟಿಷ್ ಬಾಕ್ಸರ್‌ನ ಪ್ರೈಮರ್ ವಿಧಾನ ಅಮೆರಿಕದಲ್ಲಿ ನಿಂತಿತು, ಅಮೆರಿಕದ ಬರ್ಡನ್‌ನ ವಿಧಾನ ಯೂರೋಪಿನಲ್ಲಿ ನಿಂತಿತು. ಬಾಕ್ಸರ್ ವಿಧಾನದಲ್ಲಿ ತಳದ ಮಧ್ಯೆ ಒಂದೇ ತೂತು. ಮೇಲಿಂದ ಒಂದು ಕಡ್ಡಿ ತೂರಿಸಿದರೆ ಹಳೇ ಪ್ರೈಮರ್ ಹೊರಗೆ ಬೀಳುತ್ತೆ. ಬರ್ಡನ್ ವಿಧಾನದಲ್ಲಿ ಪಕ್ಕಕ್ಕೆ ಎರಡು ತೂತು, ಅಷ್ಟು ಸುಲಭ ಇಲ್ಲ. ಮನೆಯಲ್ಲಿ ರೀಲೋಡಿಂಗ್ ಮಾಡೋ ಹವ್ಯಾಸ ಅಮೆರಿಕದಲ್ಲಿ ಅಷ್ಟು ಬೆಳೆಯೋಕೆ ಈ ಒಂದು ತೂತೂ ಒಂದು ಕಾರಣ.

ಡೈಗೆ ಗೀರು ಬರೋದು ಹೇಗೆ? ಖಾಲಿ ಕೇಸ್ ನೆಲಕ್ಕೆ ಬೀಳುತ್ತೆ, ಮರಳು ಅಂಟುತ್ತೆ. ತೊಳೆಯದೆ ಡೈಯೊಳಗೆ ಒತ್ತಿದರೆ ಒಂದು ಮರಳ ಕಣ ಸಾಕು. ಇಲ್ಲಾಂದ್ರೆ ಜಾರೋಕೆ ಬೇಕಾದ ಎಣ್ಣೆ ಕಡಿಮೆಯಾದರೆ ಹಿತ್ತಾಳೆಯ ಚೂರು ಉಕ್ಕಿಗೆ ಬೆಸುಗೆ ಥರ ಅಂಟಿಕೊಳ್ಳುತ್ತೆ. ಮುಂದಿನ ಕೇಸ್ ಆ ಚೂರಿಗೆ ತಾಗಿ ಗೀರಾಗುತ್ತೆ, ತನ್ನ ಒಂದು ಚೂರನ್ನೂ ಅಲ್ಲೇ ಬಿಡುತ್ತೆ. ಹೀಗೆ ಗೀರು ಬೆಳೀತಾ ಹೋಗುತ್ತೆ.

ತಪ್ಪು ಡೈಯದ್ದೋ ಕೇಸ್‌ನದ್ದೋ ಅಂತ ಹೇಗೆ ಗೊತ್ತಾಗಬೇಕು? ಗೀರಿದ್ದ ಕೇಸ್ ಅನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಡೈಗೆ ಹಾಕ್ತಾರೆ. ಹೊಸ ಜಾಗದಲ್ಲಿ ಇನ್ನೊಂದು ಗೀರು ಬಂದರೆ ತಪ್ಪು ಡೈಯದ್ದು. ಮೊದಲು ಡೈ ಬಿಚ್ಚಿ ತೊಳೆದು, ಬೆಳಕು ಹಿಡಿದು ನೋಡ್ತಾರೆ. ಅಂಟಿದ ಹಿತ್ತಾಳೆಯಾದರೆ ನುಣ್ಣನೆಯ ಪಾಲಿಶ್‌ನಲ್ಲಿ ಹೋಗುತ್ತೆ. ಉಕ್ಕಿಗೇ ಗೀರು ಬಿದ್ದಿದ್ದರೆ ಜಾಸ್ತಿ ಉಜ್ಜೋ ಹಾಗಿಲ್ಲ, ಅಳತೆಯೇ ದೊಡ್ಡದಾಗಿ ಹೋಗುತ್ತೆ. ಆಗ ಡೈ ಬದಲಾಯಿಸಬೇಕು. ನೇರವಾದ ಕೇಸ್‌ಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ಡೈ ಬಂದಿದ್ದು ಈ ತಲೆನೋವಿಗೇ. ಅದು ಎಷ್ಟು ಗಟ್ಟಿ, ನುಣುಪು ಅಂದ್ರೆ ಎಣ್ಣೆಯೇ ಬೇಡ.

ಕೇಸ್ ಮೇಲಿನ ಗೀರು? ಮೇಲ್ಮೇಲಿನ ಗೆರೆ ನೋಡೋಕೆ ಅಸಹ್ಯ, ಅಷ್ಟೇ. ಉಗುರಿಗೆ ಸಿಕ್ಕಿದರೆ ಆ ಕೇಸ್ ಗುಜರಿಗೆ. ತಳದ ಹತ್ತಿರ ಸುತ್ತಲೂ ಹೊಳೆಯೋ ಉಂಗುರ ಕಂಡರೆ ಇನ್ನೂ ಅಪಾಯ, ಅಲ್ಲಿ ಒಳಗೆ ಲೋಹ ತೆಳುವಾಗಿದೆ ಅಂತ ಅರ್ಥ. ಬಾಗಿಸಿದ ಪೇಪರ್ ಕ್ಲಿಪ್ ಒಳಗೆ ಹಾಕಿ ತಡವಿದರೆ ಹಳ್ಳ ಸಿಗುತ್ತೆ. ಅದನ್ನು ಮತ್ತೆ ಬಳಸಿದರೆ ಕೇಸ್ ಎರಡು ತುಂಡಾಗಬಹುದು, ಬಿಸಿ ಗಾಳಿ ಕಣ್ಣಿಗೆ ಬರಬಹುದು. ಹತ್ತು ರೂಪಾಯಿ ಉಳಿಸೋಕೆ ಕಣ್ಣು ಪಣಕ್ಕಿಡೋದು ಯಾವ ಬ್ಯಾಲೆನ್ಸ್ ಶೀಟಿಗೂ ಕೂರಲ್ಲ.

ನಮ್ಮ ದೇಶದ ಕಾನೂನು ಇಲ್ಲೇ ಹೇಳಿಬಿಡ್ತೀನಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. ಇದು ಇತಿಹಾಸದ ಎಪಿಸೋಡ್, ಮನೆಯಲ್ಲಿ ಮಾಡಿ ನೋಡೋ ಎಪಿಸೋಡ್ ಅಲ್ಲ.

ಲೆಕ್ಕಕ್ಕೆ ಸಿಕ್ಕಿದ್ದು, ಸಿಗದಿದ್ದು

ಕೊನೆಗೆ ಒಂದು ವಿಷಯ. ಇದನ್ನು ಹೇಳದೆ ಈ ಎಪಿಸೋಡ್ ಮುಗಿಸೋಕೆ ನನಗೆ ಮನಸ್ಸಾಗಲಿಲ್ಲ.

ಹಿತ್ತಾಳೆ ಬೆಲೆಬಾಳುವ ವಸ್ತು. ಸೇನೆಗಳು ಅದನ್ನು ಎಣಿಸಿ ಕೊಡ್ತವೆ, ಎಣಿಸಿ ಲೆಕ್ಕ ಕೇಳ್ತವೆ. 1919ರ ಏಪ್ರಿಲ್ 13, ಅಮೃತಸರದ ಜಲಿಯನ್‌ವಾಲಾ ಬಾಗ್. ಜನರಲ್ ಡೈಯರ್‌ನ 50 ಬಂದೂಕುಧಾರಿಗಳು ಸುಮಾರು 10 ನಿಮಿಷ ಗುಂಡು ಹಾರಿಸಿದರು. ಎಷ್ಟು ಗುಂಡು ಅಂತ ಡೈಯರ್ ವರದಿಯಲ್ಲೇ ಇದೆ: 1,650.

ಎಷ್ಟು ಜನ ಸತ್ತರು? ಗಾಯಗೊಂಡವರನ್ನು ನೋಡೋಕೂ ನಿಲ್ಲದೆ ಸೇನೆ ಹೊರಟು ಹೋಯ್ತು. ಸರ್ಕಾರ ಲೆಕ್ಕ ಹಾಕೋಕೆ ತಿಂಗಳುಗಳೇ ಹಿಡಿದವು. ಸರ್ಕಾರದ ಸಂಖ್ಯೆ 379. ಕಾಂಗ್ರೆಸ್ ವಿಚಾರಣೆ ಹೇಳಿದ್ದು ಸುಮಾರು 1,000. ನೂರು ವರ್ಷ ದಾಟಿದರೂ ಸರಿಯಾದ ಸಂಖ್ಯೆ ನಮಗೆ ಗೊತ್ತಿಲ್ಲ.

ನಾನು ಕಾಲೇಜಲ್ಲಿ ಆಡಿಟಿಂಗ್ ಓದಿದಾಗ ಮೇಷ್ಟ್ರು ಒಂದು ಮಾತು ಹೇಳ್ತಿದ್ದರು. ಒಂದು ಸಂಸ್ಥೆ ಯಾವುದನ್ನು ಎಣಿಸುತ್ತೋ ಅದನ್ನು ನೋಡಿದರೆ ಅದಕ್ಕೆ ಯಾವುದು ಮುಖ್ಯ ಅಂತ ಗೊತ್ತಾಗುತ್ತೆ ಅಂತ. ಆಗ ಅದು ಸ್ಟಾಕ್ ರಿಜಿಸ್ಟರ್ ಬಗ್ಗೆ ಅಂದ್ಕೊಂಡಿದ್ದೆ. ಗುಂಡು ಪೂರ್ತಿ ಲೆಕ್ಕಕ್ಕೆ ಸಿಕ್ಕಿತು, ಜನ ಸಿಗಲಿಲ್ಲ. ಇದನ್ನು ಓದಿದ ದಿನ ರಾತ್ರಿ ರೆಕಾರ್ಡಿಂಗ್ ಮಾಡೋಕೆ ಆಗಲಿಲ್ಲ, ಮೈಕ್ ಆಫ್ ಮಾಡಿ ಸುಮ್ಮನೆ ಕೂತೆ.

ಲಿಟಲ್ ಬಿಗ್‌ಹಾರ್ನ್‌ನಲ್ಲಿ ನೂರು ವರ್ಷ ಮಣ್ಣಲ್ಲಿದ್ದ ಕೇಸ್‌ಗಳು ಬಾಯಿಮಾತಿನ ಕಥೆಯನ್ನು ತಿದ್ದಿದವು. ಅಮೃತಸರದಲ್ಲಿ ಇವತ್ತೂ ಗೋಡೆಯ ಮೇಲಿನ ಗುಂಡಿನ ಗುರುತುಗಳು ಉಳಿದಿವೆ. ಹೋದರೆ ನೋಡಿ ಬನ್ನಿ. ಕಾಗದದ ವರದಿ ಓದೋ ಮುಂಚೆ ಗೋಡೆಯನ್ನು ನೋಡಿ.

ಮೊನ್ನೆ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಜ್ಜಿ ಈಗಿಲ್ಲ, ಒರಳಿದೆ. ಬಿಲ್ಲೆಯನ್ನು ಪಾಲಿಶ್ ಮಾಡಿಸೋಣ್ವಾ ಅಂತ ಅಮ್ಮನ್ನ ಕೇಳಿದೆ. "ಬೇಡ ಬಿಡು, ಗೆರೆ ಇದ್ರೆ ನಮ್ಮನೆ ಚಕ್ಕುಲಿ ಅಂತ ಗೊತ್ತಾಗುತ್ತೆ" ಅಂದರು. ಸರಿ ಅಂತ ಹಾಗೇ ಬಿಟ್ಟೆ.

ನಿಮ್ಮ ಮನೆಯಲ್ಲೂ ಹೀಗೆ ಗೀರು, ತಗ್ಗು, ಕಿಲುಬು ಹಿಡಿದ ಹಳೇ ವಸ್ತು ಇದ್ದರೆ, ಅದು ಹೇಗಾಯ್ತು ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಒಳ್ಳೇ ಕಥೆ ಸಿಕ್ಕರೆ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿವರೆಗೂ ನಮಸ್ಕಾರ.